ಸಂಕಿರಣಕ್ಕೆ ಮುನ್ನ: ಗಡಿನಾಡಿನ ವಿದ್ಯಾರ್ಥಿ ಪ್ರಬಂಧ ಮತ್ತು ಆಕರದ ಪ್ರಶ್ನೆ

ವಿಶ್ವವಿದ್ಯಾನಿಲಯಗಳ ವಿಚಾರ ಸಂಕಿರಣಗಳಲ್ಲಿ ಮಂಡನೆಯಾಗುವ ವಿದ್ಯಾರ್ಥಿ ಪ್ರಬಂಧವನ್ನು ಬರವಣಿಗೆಯ ಒಂದು ಪ್ರಕಾರವೆಂದು ಪರಿಗಣಿಸಿ ಓದುವ ವಾಡಿಕೆ ಕನ್ನಡದಲ್ಲಿಲ್ಲ. ಕವಿತೆಗೆ, ಕಥೆಗೆ, ಪಿಎಚ್.ಡಿ. ಮಹಾಪ್ರಬಂಧಕ್ಕೆ ಕೂಡ ವಿಮರ್ಶೆ ಉಂಟು. 15 ನಿಮಿಷಗಳಲ್ಲಿ ಓದಿ ಮುಗಿಸುವ ಈ ಬರಹಕ್ಕೆ ಮಾತ್ರ ಚಪ್ಪಾಳೆಯೊಂದೇ ವಿಮರ್ಶೆ. ಪ್ರಮಾಣಪತ್ರ ಕೈಸೇರಿದೊಡನೆ ಅದರ ಆಯುಷ್ಯ ಮುಗಿಯುತ್ತದೆ. ಆದರೂ ಒಂದು ಪ್ರಕಾರಕ್ಕೆ ಇರಬೇಕಾದ ಲಕ್ಷಣಗಳೆಲ್ಲ ಅದಕ್ಕಿವೆ. ಅದರ ಆರಂಭ ಗೊತ್ತಾದದ್ದು, ಮುಕ್ತಾಯ ಗೊತ್ತಾದದ್ದು, ಅದು ಮೌನವಾಗಿರುವ ಎಡೆಗಳೂ ಗೊತ್ತಾದವೇ. ಹೀಗಿರುವಾಗ ಅದನ್ನು ಸಿದ್ಧಪಡಿಸುವ ಕ್ರಮವನ್ನು ಪರಿಶೀಲಿಸುವುದು ಸಾಹಿತ್ಯ ವಿಮರ್ಶೆಯ ವ್ಯಾಪ್ತಿಗೆ ಹೊರಗಿನ ಕೆಲಸವೇನೂ ಅಲ್ಲ.

ಗಡಿನಾಡ ಕನ್ನಡವನ್ನು ಕುರಿತ ವಿದ್ಯಾರ್ಥಿ ಪ್ರಬಂಧದಲ್ಲಿ ಈ ಲಕ್ಷಣಗಳು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ. ಶೀರ್ಷಿಕೆಯ ಕೊನೆಗೆ 'ಒಂದು ಅಧ್ಯಯನ' ಎಂದಿರುತ್ತದೆ. ಕಾಸರಗೋಡಿನ ವಿಷಯವಾದರೆ 1956ರ ನವೆಂಬರ್ 1ರಂದು ಆ ಪ್ರದೇಶ ಕೇರಳಕ್ಕೆ ಸೇರಿದ ಕಥೆ ಮೊದಲು ಬರುತ್ತದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಎರಡನೆಯದಾಗಿ ಬರುತ್ತದೆ. ಆಮೇಲೆ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಮೊದಲಾದವರ ಹೆಸರುಗಳು. ಸೊಲ್ಲಾಪುರದ ಪ್ರಬಂಧದಲ್ಲಿ ಸಿದ್ಧರಾಮ, ಜಯದೇವಿತಾಯಿ ಲಿಗಾಡೆಯವರ ಹೆಸರುಗಳು ಇದೇ ಸ್ಥಾನದಲ್ಲಿರುತ್ತವೆ. ಕೊನೆಗೆ ಭಾಷೆಯನ್ನು ಉಳಿಸಿ ಬೆಳೆಸಬೇಕೆಂಬ ಕರೆ. ಗೋಷ್ಠಿಯ ಅಧ್ಯಕ್ಷರಿಂದ ಸಮಯದ ಚೀಟಿ ಬರುವ ಹೊತ್ತಿಗೆ ವಿದ್ಯಾರ್ಥಿ ತಾನೇ ಸಂಗ್ರಹಿಸಿದ ಸಾಮಗ್ರಿಯ ಹತ್ತಿರಕ್ಕೂ ಬಂದಿರುವುದಿಲ್ಲ.

ಇದರಲ್ಲಿ ಆಗುವ ನಷ್ಟ ಕೇವಲ ಶೈಲಿಯದಲ್ಲ. ಕುಂಬಳೆ, ಬದಿಯಡ್ಕ, ಅಕ್ಕಲಕೋಟೆ, ಜತ್ತ, ತಾಳವಾಡಿಯ ಕಡೆಯಿಂದ ಬರುವ ವಿದ್ಯಾರ್ಥಿ ಮೂರು ನಾಲ್ಕು ಭಾಷೆಗಳ ನಡುವೆ ಬೆಳೆದವನಾಗಿರುತ್ತಾನೆ. ಮನೆಯ ಮಾತು, ಶಾಲೆಯ ಮಾತು, ಪೇಟೆಯ ಮಾತು, ಪಂಚಾಯತಿ ಕಚೇರಿಯ ಮಾತು ಅವನಲ್ಲಿ ಬೇರೆಬೇರೆ. ಹೊರಗಿನಿಂದ ಬರುವ ವಿದ್ವಾಂಸನಿಗೆ ವರ್ಷಗಟ್ಟಲೆ ದುಡಿದರೂ ದಕ್ಕದ ಸಾಮಗ್ರಿ ಅವನ ಕಿವಿಯಲ್ಲೇ ಇರುತ್ತದೆ. ಸಂಕಿರಣಕ್ಕೆ ಸಿದ್ಧವಾಗುವಾಗ ಮೊದಲು ಕಳಚಿಹೋಗುವುದು ಅದೇ ಸಾಮಗ್ರಿ. ಆಡುಮಾತಿನ ವಾಕ್ಯ ಶಿಷ್ಟ ಕನ್ನಡಕ್ಕೆ, ಶಿಷ್ಟ ಕನ್ನಡದ ವಾಕ್ಯ ಇಂಗ್ಲಿಷಿನ ಸಾರಲೇಖಕ್ಕೆ ಬದಲಾಗುತ್ತಾ ಹೋಗಿ, ಕೊನೆಗೆ ಸಭೆಯ ಮುಂದೆ ನಿಲ್ಲುವುದು ಯಾರಾದರೂ ಎಲ್ಲಿ ಬೇಕಾದರೂ ಹೇಳಬಹುದಾದ ಒಂದು ಅಭಿಪ್ರಾಯ. ವಿದ್ಯಾರ್ಥಿಯ ಕೆಲಸವನ್ನು ಸಂಕಿರಣಕ್ಕೆ ಅಣಿಗೊಳಿಸುವುದೆಂದರೆ ಕೇಳುಗನು ಒಪ್ಪದಿರಲು ಬೇಕಾದಷ್ಟು ಆಧಾರವನ್ನು ಅವನ ಕೈಗೆ ಕೊಡುವುದು. ಉಳಿದ ಸಿದ್ಧತೆಗಳೆಲ್ಲ ಇದಕ್ಕೆ ಅಧೀನ. ಗಡಿನಾಡಿನ ಪ್ರಬಂಧಗಳನ್ನು ಅಳೆಯಬೇಕಾದದ್ದು ಈ ಅಳತೆಗೋಲಿನಿಂದ.

ಈಗಿನ ರೂಪ ತಾನಾಗಿ ಬಂದದ್ದಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2010ರ ನಿಯಮಾವಳಿ ಅಧ್ಯಾಪಕರ ನೇಮಕಾತಿ ಹಾಗೂ ಬಡ್ತಿಗೆ ಅಂಕಪದ್ಧತಿಯನ್ನು ತಂದು, ಸಂಕಿರಣದಲ್ಲಿ ಓದಿದ ಪ್ರಬಂಧಕ್ಕೂ ಅಂಕ ಗೊತ್ತುಮಾಡಿತು. 2016ರ ಪಿಎಚ್.ಡಿ. ನಿಯಮಾವಳಿ ಮಹಾಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನದ ಪ್ರಕಟಣೆಯನ್ನೂ ಎರಡು ಮಂಡನೆಗಳನ್ನೂ ಕಡ್ಡಾಯಗೊಳಿಸಿತು. ಎಣಿಕೆ ಗುರಿಯಾದ ಮೇಲೆ ಸಂಕಿರಣಗಳು ಎಣಿಕೆಗೆ ತಕ್ಕಂತೆ ಹೆಚ್ಚಿದವು. ಒಂದೇ ಮಧ್ಯಾಹ್ನದಲ್ಲಿ ಹತ್ತಾರು ಮಂಡನೆಗಳ ಸಮಾನಾಂತರ ಗೋಷ್ಠಿಗಳು ಸಾಮಾನ್ಯವಾದವು. 2022ರ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ನಿಯಮ ಹೋದರೂ ಅದು ರೂಢಿಸಿದ ಅಭ್ಯಾಸ ಹೋಗಿಲ್ಲ. ಪ್ರಬಂಧ ಎಷ್ಟು ಎಂಬ ಪ್ರಶ್ನೆಗೆ ಒಗ್ಗಿಹೋದ ವಿಭಾಗಗಳಿಗೆ ಪ್ರಬಂಧ ಏತಕ್ಕೆ ಎಂಬ ಪ್ರಶ್ನೆ ಇನ್ನೂ ಹೊಸದು.

ಆ ಪ್ರಶ್ನೆಯನ್ನು ಈಗ ಮುಂದೂಡುವಂತಿಲ್ಲ. ನಾಲ್ಕು ವರ್ಷದ ಪದವಿಯನ್ನು ಕುರಿತು ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯನ್ನು ಆರಿಸಿಕೊಳ್ಳುವ ಅವಕಾಶವಿದೆ. ಕೇರಳದ ವಿಶ್ವವಿದ್ಯಾನಿಲಯಗಳು 2024ರ ಜುಲೈಯಲ್ಲಿ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿದವು; ಅದೇ ವರ್ಷ ಕರ್ನಾಟಕ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ತಲಪಾಡಿಯ ಆಚೆ ಈಚೆ ಕನ್ನಡ ಓದುವ ಇಬ್ಬರು ವಿದ್ಯಾರ್ಥಿಗಳಲ್ಲಿ ಕಾಸರಗೋಡಿನವನಿಗೆ ಪದವಿಯಲ್ಲೇ ಸಂಶೋಧನೆಯ ಬಾಗಿಲು ತೆರೆದಿದೆ. ಇಪ್ಪತ್ತೊಂದರ ವಯಸ್ಸಿನಲ್ಲಿ ಮೊದಲ ಪ್ರಬಂಧ ಓದುವವರ ಸಂಖ್ಯೆ ಗಡಿನಾಡಿನಲ್ಲಿ ಹೆಚ್ಚಲಿದೆ. ಅವರ ಮುಂದೆ ಇಡಬೇಕಾದ ಮಾದರಿ ಯಾವುದು ಎಂಬುದನ್ನು ಈಗಲೇ ತೀರ್ಮಾನಿಸಬೇಕು.

ಮಾದರಿಗಾಗಿ ದೂರ ಹುಡುಕಬೇಕಾಗಿಲ್ಲ. ಗಡಿನಾಡ ಕನ್ನಡವನ್ನು ಕುರಿತು ಜಗತ್ತಿನ ಭಾಷಾವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳಲ್ಲೊಂದು ಸಂಕಿರಣದ ನಂಟಿನದೇ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಸಾಂಗಲಿ ಜಿಲ್ಲೆಯ ಕುಪ್ವಾಡ ಎಂಬ ಹಳ್ಳಿಯ ಮಾತನ್ನು ಕುರಿತು ಬರೆದ ಲೇಖನ, 1968ರಲ್ಲಿ ಜಮೈಕಾದ ಮೋನಾದಲ್ಲಿ ನಡೆದ ಸಮಾವೇಶದ ಫಲವಾಗಿ ಡೆಲ್ ಹೈಮ್ಸ್ ಸಂಪಾದಿಸಿದ ಸಂಪುಟದಲ್ಲಿ 1971ರಲ್ಲಿ ಅಚ್ಚಾಯಿತು. ಅದರ ವಸ್ತು ಒಂದೇ ಊರು. ಅಲ್ಲಿನ ಜೈನರ ಕನ್ನಡ, ಮುಸಲ್ಮಾನರ ಉರ್ದು, ಇತರರ ಮರಾಠಿ ಶತಮಾನಗಳ ಒಡನಾಟದಲ್ಲಿ ಶಬ್ದಗಳನ್ನು ಬೇರೆಬೇರೆಯಾಗಿಯೇ ಉಳಿಸಿಕೊಂಡು ವಾಕ್ಯರಚನೆಯಲ್ಲಿ ಒಂದನ್ನೊಂದು ಸಮೀಪಿಸಿವೆ ಎಂಬುದು ಅದರ ವಾದ. ವಾದ ನಿಂತಿರುವುದು ಒಂದರ ಕೆಳಗೊಂದು ಜೋಡಿಸಿಟ್ಟ ವಾಕ್ಯಗಳ ಮೇಲೆ. ಬರಹದ ಕನ್ನಡದಲ್ಲಿ 'ಇದು ನಮ್ಮ ಮನೆ' ಎಂಬಲ್ಲಿಗೆ ವಾಕ್ಯ ಮುಗಿಯುತ್ತದೆ. ಮರಾಠಿಯಲ್ಲಿ ಕೊನೆಗೆ 'ಆಹೇ' ಬೇಕು. ಇಂಥ ವಾಕ್ಯದ ಕೊನೆಗೆ ಕುಪ್ವಾಡದ ಕನ್ನಡವೂ ಒಂದು ಕ್ರಿಯಾಪದವನ್ನು ತಂದುಕೊಂಡಿದೆ. ಅದಕ್ಕೆ ಪ್ರತಿಯಾಗಿ ಅಲ್ಲಿನ ಮರಾಠಿ, ನಿರ್ಜೀವ ವಸ್ತುಗಳನ್ನೂ ಸ್ತ್ರೀಲಿಂಗ ಪುಲ್ಲಿಂಗಗಳಾಗಿ ವಿಂಗಡಿಸುವ ತನ್ನ ಪದ್ಧತಿಯನ್ನು ಬಿಟ್ಟು, ಅರ್ಥವನ್ನು ಅನುಸರಿಸುವ ಕನ್ನಡದ ಲಿಂಗವ್ಯವಸ್ಥೆಯ ಕಡೆಗೆ ಸರಿದಿದೆ.

ಈ ಲೇಖನದ ಹಿರಿಮೆ ಅದರ ತೀರ್ಮಾನ ಅಚಲವಾಗಿ ಉಳಿದದ್ದರಲ್ಲಿಲ್ಲ. 2016ರಲ್ಲಿ ಸೋನಲ್ ಕುಲಕರ್ಣಿ-ಜೋಶಿಯವರು ಕುಪ್ವಾಡದ ಮಾತನ್ನು ಮತ್ತೆ ಪರಿಶೀಲಿಸಿ, ಒಂದು ಭಾಷೆಯ ವಾಕ್ಯವನ್ನು ಇನ್ನೊಂದಕ್ಕೆ ಪದಶಃ ಪರಿವರ್ತಿಸಬಹುದೆಂಬ ಆ ಮಾದರಿಯನ್ನು ವಿಮರ್ಶೆಗೆ ಒಡ್ಡಿದರು. ನಲವತ್ತು ವರ್ಷಗಳ ಮೇಲೆ ಬಂದ ಇನ್ನೊಬ್ಬ ಸಂಶೋಧಕಿಗೆ ಹಾಗೆ ಮಾಡಲು ಸಾಧ್ಯವಾದದ್ದು ಮೊದಲಿನವರು ವಾಕ್ಯಗಳನ್ನು ಕಾಣುವಂತೆ ಇಟ್ಟುಹೋದದ್ದರಿಂದ. 'ಗಡಿಭಾಗದ ಕನ್ನಡದ ಮೇಲೆ ಮರಾಠಿಯ ಪ್ರಭಾವ ದಟ್ಟವಾಗಿದೆ' ಎಂದಷ್ಟೇ ಅವರು ಹೇಳಿದ್ದರೆ ಖಂಡಿಸುವುದಕ್ಕೂ ಅಲ್ಲಿ ಏನೂ ಇರುತ್ತಿರಲಿಲ್ಲ. ಜತ್ತ ತಾಲೂಕೂ ಇರುವುದು ಅದೇ ಸಾಂಗಲಿ ಜಿಲ್ಲೆಯಲ್ಲಿ. ಅಲ್ಲಿಂದ ಬರುವ ವಿದ್ಯಾರ್ಥಿಯೊಬ್ಬ ತನ್ನ ಊರಿನ ಸಂತೆಯಲ್ಲಿ ಕೇಳಿದ ಹನ್ನೆರಡು ವಾಕ್ಯಗಳನ್ನು ಇದೇ ಶಿಸ್ತಿನಿಂದ ಮಂಡಿಸಿದರೆ ಅದು ಕುಪ್ವಾಡದ ಚರ್ಚೆಗೆ ನೇರವಾದ ಸೇರ್ಪಡೆಯಾಗುತ್ತದೆ.

ಭಾಷಾವಿಜ್ಞಾನಕ್ಕೆ ಸಲ್ಲುವ ಈ ಮಾತು ಸಾಹಿತ್ಯಕ್ಕೆ ಹೇಗೆ ಅನ್ವಯಿಸುತ್ತದೆಂಬುದನ್ನು ಪಾರ್ತಿಸುಬ್ಬನ ಪ್ರಕರಣದಿಂದ ನೋಡಬಹುದು. ಕುಂಬಳೆಯ ಪಾರ್ತಿಸುಬ್ಬನೇ ಯಕ್ಷಗಾನ ರಾಮಾಯಣದ ಪ್ರಸಂಗಗಳನ್ನು ರಚಿಸಿದನೇ ಎಂಬುದು ಕನ್ನಡ ಸಂಶೋಧನೆಯ ದೊಡ್ಡ ವಿವಾದಗಳಲ್ಲೊಂದು. ಮುಳಿಯ ತಿಮ್ಮಪ್ಪಯ್ಯನವರು, ಕುಕ್ಕಿಲ ಕೃಷ್ಣಭಟ್ಟರು ಅವನ ಕರ್ತೃತ್ವವನ್ನು ಸಮರ್ಥಿಸಿದರು. ಶಿವರಾಮ ಕಾರಂತರು ಅದನ್ನು ಸಂಶಯಿಸಿದರು. ಇದರ ಜೊತೆಗೆ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಂ ಮತ್ತು ಪಾರ್ತಿಸುಬ್ಬನ ಪ್ರಸಂಗಗಳ ಸಂಬಂಧದ ಪ್ರಶ್ನೆಯೂ ಇದೆ. ಕಥಕಳಿಗೆ ಮೂಲವೆನಿಸಿದ ರಾಮನಾಟ್ಟಂ ರಾಮಾಯಣವನ್ನು ಪುತ್ರಕಾಮೇಷ್ಟಿಯಿಂದ ಯುದ್ಧದವರೆಗೆ ಎಂಟು ದಿನಗಳ ಆಟವಾಗಿ ಹಂಚಿಕೊಂಡಿದೆ. ಮಲಯಾಳವನ್ನೂ ಕನ್ನಡವನ್ನೂ ಓದಬಲ್ಲ ಕಾಸರಗೋಡಿನ ವಿದ್ಯಾರ್ಥಿಗಲ್ಲದೆ ಇನ್ನಾರಿಗೂ ಇದು ಇಷ್ಟು ಹತ್ತಿರದ ವಿಷಯವಲ್ಲ.

ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಈ ವಿಷಯವನ್ನು ಆರಿಸಿಕೊಂಡಳೆಂದು ಭಾವಿಸಿದರೆ, ಅವಳ ಮೊದಲ ಶೀರ್ಷಿಕೆ ಬಹುತೇಕ 'ಯಕ್ಷಗಾನ ಮತ್ತು ಕಥಕಳಿ: ಒಂದು ತೌಲನಿಕ ಅಧ್ಯಯನ' ಎಂದಿರುತ್ತದೆ. ಈ ಶೀರ್ಷಿಕೆಯಡಿಯಲ್ಲಿ 15 ನಿಮಿಷಗಳಲ್ಲಿ ಹೇಳಬಹುದಾದದ್ದೆಲ್ಲ ವಿಶ್ವಕೋಶದಲ್ಲಿ ಈಗಾಗಲೇ ಇರುತ್ತದೆ. ವಿಷಯವನ್ನು ಒಂದು ಸನ್ನಿವೇಶಕ್ಕೆ, ಉದಾಹರಣೆಗೆ ವಾಲಿಯ ಅಂತ್ಯಕ್ಕೆ, ಸೀಮಿತಗೊಳಿಸಿದಾಗ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಎರಡೂ ಪಠ್ಯಗಳ ಪದ್ಯಗಳನ್ನು ಎದುರುಬದುರಾಗಿ ಇಟ್ಟು ನೋಡಿದೊಡನೆ ಒಂದು ತೊಡಕು ಕಾಣಿಸಿಕೊಳ್ಳುತ್ತದೆ: ಅಚ್ಚಾದ ಪುಟದಲ್ಲಿ ಇರುವುದು ಹಾಡು ಮಾತ್ರ. ಯಕ್ಷಗಾನದಲ್ಲಿ ಭಾಗವತ ಹಾಡಿದ ಪದ್ಯಕ್ಕೆ ವೇಷಧಾರಿ ಆಶುವಾಗಿ ಅರ್ಥ ಹೇಳುತ್ತಾನೆ. ತಾಳಮದ್ದಳೆಯಲ್ಲಿ ವಾಲಿ ರಾಮರ ವಾಗ್ವಾದ ಆ ಒಂದು ಪದ್ಯದಿಂದ ಬಹುದೂರ ಬೆಳೆಯಬಹುದು. ಕಥಕಳಿಯ ನಟ ಮಾತಾಡುವುದಿಲ್ಲ; ಅವನು ಪಠ್ಯವನ್ನು ದಾಟಿ ಹೋಗುವುದು ಇಳಕಿಯಾಟ್ಟಂ ಎಂಬ ಅಭಿನಯದ ವಿಸ್ತಾರದಲ್ಲಿ, ಹಸ್ತಮುದ್ರೆಗಳ ಮೂಲಕ. ಎರಡು ಸಂಪ್ರದಾಯಗಳಲ್ಲೂ ಕೃತಿಯ ಅರ್ಧ ಭಾಗ ಅಚ್ಚಿನ ಹೊರಗಿದೆ, ಒಂದರಲ್ಲಿ ನಾಲಗೆಯ ಮೇಲೆ, ಇನ್ನೊಂದರಲ್ಲಿ ಕೈಯಲ್ಲಿ. ಮುದ್ರಿತ ಪಠ್ಯಗಳನ್ನಷ್ಟೇ ಹೋಲಿಸಿ ಯಾರು ಯಾರಿಗೆ ಋಣಿ ಎಂದು ತೀರ್ಮಾನಿಸುವುದು ಎಷ್ಟು ಇಕ್ಕಟ್ಟಿನ ಕೆಲಸವೆಂಬುದು ಆಗ ಅರಿವಾಗುತ್ತದೆ.

ಇಲ್ಲಿಗೆ ಮುಟ್ಟಿದ ವಿದ್ಯಾರ್ಥಿನಿ ಕರ್ತೃತ್ವದ ವಿವಾದವನ್ನು ಬಗೆಹರಿಸಿರುವುದಿಲ್ಲ. ಅವಳ ಬಳಿ ಒಂದು ತಾಳಮದ್ದಳೆಯ ಧ್ವನಿಮುದ್ರಣ, ಒಂದು ಕಥಕಳಿ ಪ್ರದರ್ಶನದ ದೃಶ್ಯಮುದ್ರಣ, ಒಂದೇ ಸನ್ನಿವೇಶದ ಎರಡು ಪದ್ಯಗಳು ಇರುತ್ತವೆ. ಪದ್ಯದಿಂದ ಪ್ರದರ್ಶನ ಎಲ್ಲಿ ಕವಲೊಡೆಯಿತೆಂಬ ಟಿಪ್ಪಣಿ ಇರುತ್ತದೆ. ಅವಳ ಪ್ರತಿಪಾದನೆ ಇಷ್ಟಕ್ಕೇ ನಿಲ್ಲಬೇಕು. ಮಾರ್ಗದರ್ಶಕರಿಗೆ ಕಷ್ಟವಾಗುವುದು ಈ ಹಂತದಲ್ಲಿ. ಸಣ್ಣ ಪ್ರತಿಪಾದನೆ ಸಂಕಿರಣದ ಕರಪತ್ರದಲ್ಲಿ ಕಳೆಗುಂದಿದಂತೆ ಕಾಣುತ್ತದೆ. 'ಪಾರ್ತಿಸುಬ್ಬ ಮತ್ತು ಗಡಿನಾಡ ಅಸ್ಮಿತೆ' ಎಂಬುದು ಅದಕ್ಕಿಂತ ತೂಕವಾಗಿ ಕೇಳಿಸುತ್ತದೆ. ಆದರೆ ಪ್ರಬಂಧದ ತೂಕ ಶೀರ್ಷಿಕೆಯಲ್ಲಿಲ್ಲ. ಆಧಾರ ಹೊರಲಾರದ ಮಾತನ್ನು ಮಂಡನೆಯ ಹಿಂದಿನ ರಾತ್ರಿ ಹೊಡೆದುಹಾಕುವ ಧೈರ್ಯವನ್ನು ವಿದ್ಯಾರ್ಥಿಗೆ ಕಲಿಸಬೇಕಾದವರು ಮಾರ್ಗದರ್ಶಕರೇ.

ಅಂಕಿಅಂಶಗಳ ವಿಷಯದಲ್ಲೂ ಇದೇ ಶಿಸ್ತು ಬೇಕು. ಗಡಿನಾಡಿನ ಪ್ರಬಂಧಗಳಲ್ಲಿ ಜನಗಣತಿಯ ಪಟ್ಟಿಯೊಂದು ತಪ್ಪದೆ ಇರುತ್ತದೆ. 2011ರ ಜನಗಣತಿಯ ಪ್ರಕಾರ ದೇಶದ ಕನ್ನಡ ಭಾಷಿಕರು ಸುಮಾರು 4.37 ಕೋಟಿ. ಈ ಮೊತ್ತ ಹಲವು ಮಾತೃಭಾಷೆಗಳನ್ನು 'ಕನ್ನಡ' ಎಂಬ ಶೀರ್ಷಿಕೆಯಡಿ ಕೂಡಿಸಿ ಪಡೆದದ್ದು. ನೀಲಗಿರಿಯ ಬಡಗವೂ ಅದರಲ್ಲಿ ಸೇರಿದೆ. ಬಡಗ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬುದು ಭಾಷಾವಿಜ್ಞಾನದಲ್ಲೂ ಬಡಗ ಸಮುದಾಯದಲ್ಲೂ ಜೀವಂತವಾಗಿರುವ ಚರ್ಚೆ. ನೀಲಗಿರಿಯ ಕನ್ನಡಿಗರ ಸಂಖ್ಯೆಯನ್ನು ತೆರೆಯ ಮೇಲೆ ತೋರಿಸುವ ವಿದ್ಯಾರ್ಥಿ, ತನಗೆ ಗೊತ್ತಿಲ್ಲದೆಯೇ, ಆ ಚರ್ಚೆಯಲ್ಲಿ ಒಂದು ಪಕ್ಷ ವಹಿಸಿರುತ್ತಾನೆ. ಕೂಡಿಸಿದ್ದನ್ನು ಬಿಡಿಸಿ ತೋರಿಸಿದರೆ ಅದೇ ಪಟ್ಟಿ ಒಂದು ಸಂಶೋಧನಾ ಪ್ರಶ್ನೆಯಾಗುತ್ತದೆ. ಮಾತನ್ನು ಹೆಸರಿಸುವ ಅಧಿಕಾರ ಗಣತಿಯ ಕಚೇರಿಗೆ ಎಷ್ಟು, ಆಡುವವರಿಗೆ ಎಷ್ಟು ಎಂಬ ಆ ಪ್ರಶ್ನೆ, ಸಂಖ್ಯೆ ಕಡಿಮೆಯಾಯಿತೆಂಬ ಅಳಲಿಗಿಂತ ಹೆಚ್ಚು ಫಲವತ್ತಾದದ್ದು.

ಮಂಡನೆಯ ಭಾಷೆಯ ಸಮಸ್ಯೆ ಇನ್ನೊಂದು ಬಗೆಯದು. ಅಂತರಶಿಸ್ತೀಯ ಸಂಕಿರಣಗಳು ಸಾರಲೇಖವನ್ನು ಇಂಗ್ಲಿಷಿನಲ್ಲಿ ಕೇಳುತ್ತವೆ, ಅದರಲ್ಲಿ ತಪ್ಪೇನಿಲ್ಲ. ತಪ್ಪು ಇರುವುದು ಪ್ರಬಂಧವನ್ನು ಸಾರಲೇಖದ ಭಾಷೆಯಲ್ಲೇ ಆಲೋಚಿಸುವುದರಲ್ಲಿ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದವರು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಅವರ ಸಿದ್ಧರಾಮೇಶ್ವರ ಪುರಾಣ ತ್ರಿಪದಿಯಲ್ಲಿದೆ. ಮರಾಠಿಯಲ್ಲೂ ಅವರು ಬರೆದಿದ್ದಾರೆ. ತ್ರಿಪದಿ ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿದ ಛಂದಸ್ಸು. ಮರಾಠಿಯ ಓವಿಯೂ ಅದೇ ಕಲ್ಲಿನ ಮುಂದೆ ಹುಟ್ಟಿದ್ದು, ಜ್ಞಾನೇಶ್ವರಿಯಂಥ ಗ್ರಂಥಕ್ಕೂ ಒದಗಿದ್ದು. ಎರಡು ಭಾಷೆಗಳ ಕಲ್ಲಿನ ಹಾಡನ್ನು ಕೇಳಿ ಬೆಳೆದ ಊರಿನ ಕವಯಿತ್ರಿಗೆ ತ್ರಿಪದಿಯ ನಡಿಗೆಯಲ್ಲಿ ಓವಿಯ ನೆನಪು ಎಷ್ಟಿದೆ ಎಂಬುದು ಒಳ್ಳೆಯ ಪ್ರಶ್ನೆ. ಇಂಗ್ಲಿಷಿನ ಸಾರಲೇಖದಲ್ಲಿ ತ್ರಿಪದಿಯೂ ಓವಿಯೂ 'ಜಾನಪದ ಛಂದಸ್ಸು' ಎಂಬ ಒಂದೇ ಮಾತಾಗಿ ಕರಗಿದರೆ ಪ್ರಶ್ನೆಯೇ ಮಾಯವಾಗುತ್ತದೆ. ಇಂಥ ಶಬ್ದಗಳನ್ನು ಅನುವಾದಿಸದೆ ಹಾಗೆಯೇ ಇಟ್ಟು, ಒಂದು ವಾಕ್ಯದಲ್ಲಿ ವಿವರಿಸುವುದು ಸಾರಲೇಖದ ಮಿತಿಯೊಳಗೇ ಸಾಧ್ಯ.

ತೆರೆಯ ಮೇಲೆ ತೋರಿಸುವ ಪುಟಗಳಿಗೂ ಇದೇ ನೀತಿ ಸಲ್ಲುತ್ತದೆ. ಭಾಷಾವಿಜ್ಞಾನಿಗಳ ಮೂರು ಸಾಲಿನ ಕ್ರಮವನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಬಳಸಿಕೊಳ್ಳಬಹುದು: ಮೊದಲ ಸಾಲಿನಲ್ಲಿ ಆಡಿದ ಮಾತು ಆಡಿದಂತೆಯೇ, ಎರಡನೆಯದರಲ್ಲಿ ಪದಪದದ ಅರ್ಥ, ಮೂರನೆಯದರಲ್ಲಿ ಸಭೆಯ ಭಾಷೆಗೆ ಅನುವಾದ. ಮೊದಲ ಸಾಲನ್ನು ಬರೆಯುವುದೇ ಅರ್ಧ ಸಂಶೋಧನೆ. ತುಳುವಿನ, ಮಲಯಾಳದ ಪದಾಂತ್ಯದಲ್ಲಿ ಕೇಳಿಸುವ ಅರೆ ಉಕಾರ, ಅಂದರೆ ಸಂವೃತೋಕಾರ, ಕನ್ನಡ ಲಿಪಿಯ ಉಕಾರವಲ್ಲ. ಅದನ್ನು ಹೇಗೆ ಬರೆಯಲಾಗಿದೆಯೆಂದು ಒಮ್ಮೆ ಹೇಳಿ, ಕೊನೆಯವರೆಗೂ ಅದೇ ಪದ್ಧತಿಯನ್ನು ಪಾಲಿಸಬೇಕು. ಹವ್ಯಕ ಕನ್ನಡದ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿ ತೋರಿಸುವ ವಿದ್ಯಾರ್ಥಿ ತನ್ನ ಆಧಾರವನ್ನು ತಾನೇ ಅಳಿಸಿಹಾಕುತ್ತಾನೆ. ಯಂತ್ರವೂ ಅದನ್ನು ಅಳಿಸಬಲ್ಲದು. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಸಿದ್ಧಪಡಿಸಿದ ಕಡತವನ್ನು, ಆ ಫಾಂಟುಗಳಿಲ್ಲದ ಕೇರಳದ ಅಥವಾ ತೆಲಂಗಾಣದ ಸಭಾಂಗಣದ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದು ಪಿಡಿಎಫ್ ರೂಪದಲ್ಲಿ ಒಯ್ಯುವುದು, ಉದಾಹರಣೆಗಳ ಒಂದು ಪುಟವನ್ನು ಅಚ್ಚುಮಾಡಿ ಕೇಳುಗರಿಗೆ ಹಂಚುವುದು ಚಿಕ್ಕ ಎಚ್ಚರಗಳು. ಆದರೆ ಹಂಚಿದ ಆ ಪುಟದ ಮೇಲೆ ಗೀಟು ಹಾಕಿಕೊಂಡು ಕೂತ ಕೇಳುಗನೇ ನಿಜವಾದ ಪ್ರಶ್ನೆ ಕೇಳುವವನು.

ಪೂರ್ವಾಭ್ಯಾಸವನ್ನು ಧೈರ್ಯ ತುಂಬುವ ವ್ಯಾಯಾಮವೆಂದು ತಿಳಿಯುವುದು ರೂಢಿ. ಕಂಠಪಾಠವಾದ ಪ್ರಬಂಧ ಧೈರ್ಯವನ್ನೇನೋ ತುಂಬುತ್ತದೆ, ಮೊದಲ ಪ್ರಶ್ನೆ ಬರುವವರೆಗೆ. ವಿಭಾಗದೊಳಗಿನ ಪೂರ್ವಮಂಡನೆಯಲ್ಲಿ ಅಧ್ಯಾಪಕರು ಉಚ್ಚಾರಣೆ ತಿದ್ದುವುದಕ್ಕಿಂತ, ಆ ಪ್ರದೇಶದ ಮಾತು ಬಲ್ಲವರೊಬ್ಬರನ್ನೂ ಅದನ್ನು ಎಂದೂ ಕೇಳದವರೊಬ್ಬರನ್ನೂ ಮುಂದೆ ಕೂರಿಸುವುದು ಮೇಲು. ಮೊದಲಿನವರು 'ನಮ್ಮೂರಲ್ಲಿ ಹೀಗೆ ಹೇಳುವುದಿಲ್ಲ' ಎನ್ನುತ್ತಾರೆ. ಎರಡನೆಯವರು 'ಇದರಿಂದ ಅದು ಹೇಗೆ ಸಿದ್ಧವಾಯಿತು' ಎನ್ನುತ್ತಾರೆ. ಈ ಎರಡು ಆಕ್ಷೇಪಗಳನ್ನು ತಾಳಿಕೊಂಡ ಪ್ರಬಂಧ ಯಾವ ಸಭೆಯಲ್ಲೂ ತಲೆತಗ್ಗಿಸುವುದಿಲ್ಲ. ಉತ್ತರ ತಿಳಿಯದಾಗ ತನ್ನ ಸಾಮಗ್ರಿ ಅಲ್ಲಿಯವರೆಗೆ ಹೋಗಿಲ್ಲವೆಂದು ಹೇಳಲು ವಿದ್ಯಾರ್ಥಿ ಕಲಿತಿದ್ದರೆ ಪೂರ್ವಾಭ್ಯಾಸ ಸಾರ್ಥಕ.

ಇಲ್ಲಿ ಮಾರ್ಗದರ್ಶಕ ಮತ್ತು ವಿದ್ಯಾರ್ಥಿಯ ಸಂಬಂಧದ ಪ್ರಶ್ನೆ ಅನಿವಾರ್ಯವಾಗಿ ಏಳುತ್ತದೆ. ವಿದ್ಯಾರ್ಥಿ ಸಂಗ್ರಹಿಸಿದ ಸಾಮಗ್ರಿಗೆ ಅಧ್ಯಾಪಕರ ಹೆಸರು ಮೊದಲು ಬರುವುದು, ಅಧ್ಯಾಪಕರ ಹಳೆಯ ವಾದಕ್ಕೆ ವಿದ್ಯಾರ್ಥಿಯ ಕ್ಷೇತ್ರಕಾರ್ಯ ದೃಷ್ಟಾಂತವಾಗಿ ಬಳಕೆಯಾಗುವುದು ಅಪರೂಪವಲ್ಲ. ಇದು ಹಕ್ಕಿನ ಪ್ರಶ್ನೆ ಮಾತ್ರವಲ್ಲ. ತನ್ನ ಹೆಸರಿನಲ್ಲಿಲ್ಲದ ವಾದವನ್ನು ವಿದ್ಯಾರ್ಥಿ ಸಮರ್ಥಿಸಲಾರ. ಸಮರ್ಥಿಸುವವರಿಲ್ಲದ ವಾದವನ್ನು ಪರೀಕ್ಷಿಸಲು ಬರುವುದಿಲ್ಲ. ಸಾಮಗ್ರಿಯ ಇನ್ನೊಂದು ತುದಿಯಲ್ಲಿ ವಕ್ತೃ ಇದ್ದಾರೆ. ಹಾಡಿದ ಅಜ್ಜಿ, ಅರ್ಥ ಹೇಳಿದ ಕಲಾವಿದ, ಸಂತೆಯಲ್ಲಿ ಮಾತಾಡಿದ ವ್ಯಾಪಾರಿ ಇವರ ಮಾತು ಯಾವ ಸಭೆಯಲ್ಲಿ, ಯಾವ ಉದ್ದೇಶಕ್ಕೆ ಕೇಳಿಸಲಿದೆಯೆಂದು ಅವರದೇ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯುವುದು ಸಿದ್ಧತೆಯ ಮೊದಲ ಹೆಜ್ಜೆ. ಎಲ್ಲರೂ ಎಲ್ಲರನ್ನೂ ಬಲ್ಲ ಚಿಕ್ಕ ಊರುಗಳಲ್ಲಿ ಹೆಸರು ಮರೆಮಾಡಿದರೂ ಮಾತಿನ ಧಾಟಿ ಆಳನ್ನು ತೋರಿಸಿಕೊಟ್ಟುಬಿಡುತ್ತದೆ. ಆದುದರಿಂದ ಯಾವ ವಾಕ್ಯವನ್ನು ತೋರಿಸಬಾರದೆಂಬುದೂ ವಿದ್ಯಾರ್ಥಿ ನಿರ್ಧರಿಸಬೇಕಾದ ಸಂಗತಿಯೇ.

ಈ ವಾದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಶಾಲೆಗಳಲ್ಲಿ ಕನ್ನಡ ತರಗತಿಗಳು ಮುಚ್ಚುತ್ತಿರುವಾಗ, ಅರ್ಜಿ ನಮೂನೆ ಕನ್ನಡದಲ್ಲಿ ಸಿಗದಿರುವಾಗ, ವಾಲಿಯ ಪದ್ಯದ ಕವಲುಗಳನ್ನೂ ವಾಕ್ಯದ ಕೊನೆಯ ಕ್ರಿಯಾಪದವನ್ನೂ ಎಣಿಸುತ್ತಾ ಕೂರುವುದು ಒಂದು ಐಷಾರಾಮವಲ್ಲವೇ, ಅಳಲನ್ನು ಹೇಳಲು ದೊರೆತ ವೇದಿಕೆಯನ್ನು ಕಳೆದುಕೊಂಡಂತಲ್ಲವೇ ಎಂಬುದು ಆ ಆಕ್ಷೇಪ. ಅಳಲು ನಿಜ; ಅದಕ್ಕೆ ಸಭೆಗಳೂ ಮನವಿಪತ್ರಗಳೂ ಇವೆ, ಇರಬೇಕು. ಆದರೆ ವಿಶ್ವವಿದ್ಯಾನಿಲಯದ ಗೋಷ್ಠಿಯಲ್ಲಿ ಅಳಲಿಗೆ ಸಿಗುವುದು ಸಹಾನುಭೂತಿ. ಸಹಾನುಭೂತಿಗೆ ಮರುಪ್ರಶ್ನೆ ಇರುವುದಿಲ್ಲ. ಮನವಿಪತ್ರಕ್ಕೂ ಕೊನೆಗೆ ಆಧಾರ ಬೇಕು. ಮಕ್ಕಳು ಮನೆಯಲ್ಲಿ ಯಾವ ಮಾತನ್ನು ಎಷ್ಟು ಆಡುತ್ತಾರೆ, ಯಾವ ಊರಿನ ಹೆಸರನ್ನು ಹಳೆಯ ದಾಖಲೆ ಹೇಗೆ ಬರೆದಿದೆ, ಮಂಜೇಶ್ವರ ಯಾವ ಫಲಕದಲ್ಲಿ ಮಂಜೇಶ್ವರಂ ಆಯಿತು ಎಂಬುದನ್ನು ದಿನಾಂಕ, ಸ್ಥಳ, ಛಾಯಾಚಿತ್ರಗಳ ಸಹಿತ ಮಂಡಿಸಿದ ಪ್ರಬಂಧ ಹತ್ತು ವರ್ಷದ ಮೇಲೂ ಯಾವುದಾದರೊಂದು ಕಡತದಲ್ಲಿ ಕೆಲಸಕ್ಕೆ ಬರುತ್ತದೆ. ಕನ್ನಡ ಉಳಿಯಬೇಕೆಂದು ಹೇಳುವ ಪ್ರಬಂಧಕ್ಕಿಂತ ಒಂದು ಊರಿನ ಕನ್ನಡ ಇಂದು ಹೇಗಿದೆಯೆಂದು ತೋರಿಸುವ ಪ್ರಬಂಧ ಉಳಿಸುವ ಕೆಲಸವನ್ನು ಹೆಚ್ಚು ಮಾಡಿರುತ್ತದೆ.

ಗಡಿನಾಡಿನ ವಿಭಾಗಗಳು ಈ ದಿಕ್ಕಿನಲ್ಲಿ ಮಾಡಬಹುದಾದ ಒಂದು ಕೆಲಸಕ್ಕೆ ಅನುದಾನವಾಗಲಿ ಆದೇಶವಾಗಲಿ ಬೇಕಾಗಿಲ್ಲ. ವಿದ್ಯಾರ್ಥಿಗಳು ಸಂಕಿರಣಗಳಲ್ಲಿ ಹಂಚಿದ ಉದಾಹರಣೆಗಳ ಪುಟವನ್ನೂ, ಅದರ ಹಿಂದಿರುವ ಧ್ವನಿಮುದ್ರಣವನ್ನೂ, ವಕ್ತೃವಿನ ಒಪ್ಪಿಗೆಯ ಪತ್ರವನ್ನೂ, ಗೋಷ್ಠಿಯಲ್ಲಿ ಬಂದ ಪ್ರಶ್ನೆಗಳನ್ನೂ ಒಂದೇ ಕಡತದಲ್ಲಿ ಜೋಡಿಸಿಟ್ಟು ಮುಂದಿನ ತಂಡದ ವಿದ್ಯಾರ್ಥಿಗಳಿಗೆ ಒಪ್ಪಿಸುವುದೇ ಆ ಕೆಲಸ. ಪ್ರಮಾಣಪತ್ರ ವಿದ್ಯಾರ್ಥಿಯ ಮನೆಗೆ ಹೋಗುತ್ತದೆ, ಹೋಗಲಿ. ಕಡತ ವಿಭಾಗದಲ್ಲಿ ಉಳಿದರೆ, ಈ ವರ್ಷ ವಾಲಿಯ ಸನ್ನಿವೇಶವನ್ನು ಮಂಡಿಸಿದವಳ ತೀರ್ಮಾನವನ್ನು ಮುಂದಿನ ವರ್ಷದ ವಿದ್ಯಾರ್ಥಿ ಅವಳದೇ ಧ್ವನಿಮುದ್ರಣವನ್ನು ಮತ್ತೆ ಕೇಳಿ ಪ್ರಶ್ನಿಸಬಲ್ಲ.